ಸೃಷ್ಟಿಯು ಈಶ್ವರನಿಗೆ ಅನಿವಾರ್ಯವೇ?

ಕಳೆದ ತಿಂಗಳ ಸಂಚಿಕೆಯಲ್ಲಿ ಮಿತ್ರರೊಬ್ಬರು ಸೃಷ್ಟಿವಿಚಾರವಾಗಿ ಬರೆದ ಲೇಖನವನ್ನು ವಾಚಕ ಮಹಾಶಯರು ಓದಿಯೇ ಇರುವರು. ಲೇಖನದ ಭಾಷೆ ಪ್ರೌಢವಾಗಿದೆ. ಶಾಸ್ತ್ರಪರಿಚಯವೂ ಸಾಕಷ್ಟು ಕಾಣುತ್ತದೆ. ಆದರೆ ಅದರ ಸಿದ್ಧಾಂತವನ್ನು ಒಪ್ಪಿ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮಿತ್ರರ ಮಾತಿನ ಸಾರವಿಷ್ಟು: ಯಾವುದು ಯಾರ ಸ್ವಭಾವವೋ ಅದು ಅವರನ್ನು ಬಿಟ್ಟಿರಲಾರದು, ಬೆಂಕಿಗೆ ಬಿಸಿ ಹೇಗೋ ಸೂರ್ಯನಿಗೆ ಬೆಳಕು ಹೇಗೋ ಈಶ್ವರನಿಗೆ ಸೃಷ್ಟಿ ಹಾಗೆ, ಆದ್ದರಿಂದ ಅವನು ಸೃಷ್ಟಿಸದೆ ಇರಲಾರನು, ಸೃಷ್ಟಿಸಿದುದನ್ನು ಬೇರೆ ರೀತಿಯಾಗಿಯೂ ಸೃಷ್ಟಿಸಲಾರನು. ಆದುದರಿಂದ ಜಗತ್ತಿನಲ್ಲಿ ನಡೆಯುವುದೆಲ್ಲ ನಡೆಯಲೇ ಬೇಕಾಗಿದ್ದುದು. ಅದಕ್ಕಾಗಿ ಅಳುವುದೂ ಅಜ್ಞಾನ, ಬೇಡುವುದೂ ಅಜ್ಞಾನ.

ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದು ದೃಷ್ಟಾಂತದ ದುರುಪಯೋಗ. ಮೂರನೆಯದು ಈಶ್ವರನ ಈಶ್ವರತ್ವಕ್ಕೇ ಹಾನಿ. ನಾಲ್ಕನೆಯದು ಮನುಷ್ಯನ ಮನುಷ್ಯತ್ವಕ್ಕೆ ಹಾನಿ. ಇದನ್ನು ಕ್ರಮವಾಗಿ ತೋರಿಸುವುದೇ ಈ ಲೇಖನದ ಉದ್ದೇಶ.

ಇದೇನು, ಪಾಠಶಾಲೆಯ ಜಗುಲಿಯ ಮೇಲೆ ಮುಗಿಯಬೇಕಾದ ಚರ್ಚೆಯನ್ನು ಗೃಹಸ್ಥರ ಮನೆಗೆ ತರುವುದೇಕೆ ಎಂದು ಕೇಳುವವರಿರಬಹುದು. ಅವರಿಗೆ ನನ್ನ ಅನುಭವವೊಂದನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ೨೦೦೯ನೆಯ ಇಸವಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಕೃಷ್ಣಾ ತುಂಗಭದ್ರೆಗಳು ಉಕ್ಕಿದುದನ್ನು ನಮ್ಮ ಸೀಮೆಯವರು ಮರೆತಿಲ್ಲ. ಅಕ್ಟೋಬರ್ ೨ರಂದು ಮಂತ್ರಾಲಯವೇ ಜಲಮಯವಾಯಿತು. ಗಿಲ್ಲೆಸುಗೂರಿನಿಂದ ಆಚೆಗೆ, ನದಿಯ ದಡದ ಹಳ್ಳಿಗಳ ಮನೆಗಳು ಮಣ್ಣಾಗಿ ಕೂತವು. ಆಗ ನಾನು ಶಾಲೆಯ ಸೇವೆಯಲ್ಲಿದ್ದೆನು. ದೀಪಾವಳಿಯಾದ ಬಳಿಕ ಶಾಲೆಗೆ ಬಂದ ಹುಡುಗರಲ್ಲಿ ಒಬ್ಬನು, ಹತ್ತು ಹನ್ನೊಂದು ವರ್ಷದವನು, ಮನೆ ಹೋಗಿ, ಎರಡೆತ್ತು ಹೋಗಿ, ಕಣಜದ ಜೋಳವೂ ಕೊಳೆತು, ಕೊನೆಗೆ ಪರಿಹಾರದ ಶೆಡ್ಡಿನಲ್ಲಿ ಜ್ವರ ಬಂದು ಅಜ್ಜಿಯನ್ನೂ ಕಳೆದುಕೊಂಡವನು. ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತು, “ಸರ, ದೇವ್ರು ಇದನ್ನ ಮಾಡ್ದ ಇರಬಹುದಿತ್ತೇನ್ರೀ?” ಎಂದು ಕೇಳಿದನು.

ನಾನು ಪಾಠಶಾಲೆಯಲ್ಲಿ ತರ್ಕ ವೇದಾಂತಗಳನ್ನು ಓದಿದವನು. ಉತ್ತರವು ನಾಲಿಗೆಯ ತುದಿಯಲ್ಲೇ ಇತ್ತು. “ಇಲ್ಲಪ್ಪಾ, ಆಗಬೇಕಾದದ್ದು ಆಗಿಯೇ ತೀರುತ್ತದೆ, ಅದು ಅವನ ಸ್ವಭಾವ” ಎಂದೆನು. ಹುಡುಗನು ತಲೆಯಲ್ಲಾಡಿಸಿ ಹೋದನು. ಮರುವಾರದಿಂದ ಬೆಳಗಿನ ಪ್ರಾರ್ಥನೆಯಲ್ಲಿ ಅವನು ತುಟಿ ತೆರೆಯುವುದನ್ನು ನಾನು ಕಾಣಲಿಲ್ಲ. ಗದರಿಸಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ನಾನು ಹೇಳಿಕೊಟ್ಟ ಸಿದ್ಧಾಂತದಂತೆ ಅವನು ಮಾಡುತ್ತಿದ್ದುದೇ ಸರಿಯಾಗಿತ್ತು. ಬೆಂಕಿಗೆ ಯಾರು ಪ್ರಾರ್ಥನೆ ಮಾಡುತ್ತಾರೆ? ಮಿತ್ರರ ಲೇಖನವನ್ನು ಓದಿದಾಗ ನನ್ನ ಅಂದಿನ ಮಾತೇ ಅಚ್ಚಿನಲ್ಲಿ ಕಂಡಂತಾಯಿತು. ಆದ್ದರಿಂದ ಈ ಖಂಡನವು ಅವರಿಗೆಷ್ಟೋ ನನಗೂ ಅಷ್ಟೇ ಸಲ್ಲತಕ್ಕದ್ದು.

ಮೊದಲು ಪೂರ್ವಪಕ್ಷಕ್ಕೆ ನ್ಯಾಯ ಸಲ್ಲಿಸೋಣ. ಮಿತ್ರರು ಸ್ವಭಾವವಾದವನ್ನು ಹಿಡಿದದ್ದು ಸುಮ್ಮನಲ್ಲ. ಒಂದು ಪ್ರಬಲವಾದ ಇಕ್ಕಟ್ಟಿನಿಂದ ಪಾರಾಗಲು ಹಿಡಿದರು. ಆ ಇಕ್ಕಟ್ಟನ್ನು ನಮ್ಮ ದೇಶದಲ್ಲಿ ಮೀಮಾಂಸಕರೂ ಜೈನರೂ ಬಹು ಕಟುವಾಗಿ ಮುಂದಿಟ್ಟಿದ್ದಾರೆ. ಕುಮಾರಿಲಭಟ್ಟರು ಶ್ಲೋಕವಾರ್ತಿಕದಲ್ಲಿ ಕೇಳುವುದಿದು: ಈಶ್ವರನು ಕರುಣೆಯಿಂದ ಸೃಷ್ಟಿಸಿದನೆನ್ನುವಿರಾದರೆ, ಸೃಷ್ಟಿಗೆ ಮುಂಚೆ ಕರುಣೆಗೆ ಪಾತ್ರರಾದವರಾರು? ಕರುಣೆಯೇ ಕಾರಣವಾದಲ್ಲಿ ಸುಖವನ್ನು ಮಾತ್ರವೇ ಏಕೆ ಸೃಷ್ಟಿಸಲಿಲ್ಲ? ಕ್ರೀಡೆಗೆಂದರೆ, ತೃಪ್ತನಾದವನಿಗೆ ಕ್ರೀಡೆಯ ಹಂಬಲವೇಕೆ? ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಇದೇ ಬಾಣವನ್ನು ಇನ್ನಷ್ಟು ಹರಿತಗೊಳಿಸಿದರು: ಪೂರ್ಣನಾದವನಿಗೆ ಸೃಷ್ಟಿಸುವ ಇಚ್ಛೆ ಹುಟ್ಟದು, ಅಪೂರ್ಣನಾದವನು ಕುಂಬಾರನಿಗಿಂತ ಹೆಚ್ಚಿನವನಲ್ಲ, ಅವನಿಂದ ಜಗತ್ಸೃಷ್ಟಿಯಾಗದು. ೯೪೧ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಆದಿಪುರಾಣಕ್ಕೆ ಆಕರವಾದುದು ಈ ಗ್ರಂಥವೇ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಈಗಿನ ಮಳಖೇಡ; ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ಸೃಷ್ಟಿಕರ್ತನನ್ನು ನಿರಾಕರಿಸಿದ ಈ ಮಹಾಮತಿಯ ಪ್ರಶ್ನೆಯೂ, ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ಪರಂಪರೆಯೂ, ಆ ಒಂದೇ ಊರಿನ ನೆನಪಿನಲ್ಲಿ ಸೇರಿಕೊಂಡಿರುವುದು ಗಮನಿಸತಕ್ಕ ವಿಷಯ. ನಮ್ಮ ಸೀಮೆಗೆ ಈ ಪ್ರಶ್ನೆ ಹೊರಗಿನಿಂದ ಬಂದದ್ದಲ್ಲ.

ಈ ಇಕ್ಕಟ್ಟಿಗೆ ಉತ್ತರವಾಗಿ ಮಿತ್ರರು ಹೇಳುವುದೇನೆಂದರೆ, ಸೃಷ್ಟಿಗೆ ಇಚ್ಛೆಯೂ ಇಲ್ಲ, ಪ್ರಯೋಜನವೂ ಇಲ್ಲ, ಅದು ಬರೀ ಸ್ವಭಾವ. ಆದ್ದರಿಂದ ಕೊರತೆಯ ಮಾತೇ ಬಾರದು. ಚತುರವಾದ ಉತ್ತರವೇ ಸರಿ. ಆದರೆ ಹಳ್ಳದಿಂದ ತಪ್ಪಿಸಿಕೊಳ್ಳಲು ಹೋಗಿ ಬಾವಿಗೆ ಬಿದ್ದಂತಾಯಿತು. ಇಚ್ಛೆಯಿಲ್ಲದೆ, ಬರೀ ಸ್ವಭಾವದಿಂದ ಜಗತ್ತಾಗಿ ಪರಿಣಮಿಸುವ ವಸ್ತುವೊಂದನ್ನು ಸಾಂಖ್ಯರು ಆಗಲೇ ಹೇಳಿದ್ದಾರೆ. ಅದಕ್ಕೆ ಪ್ರಧಾನವೆಂದು ಹೆಸರು. ಕರುವಿಗಾಗಿ ಹಾಲು ತಾನಾಗಿ ಸುರಿಯುವಂತೆ ಜಡವಾದ ಪ್ರಕೃತಿಯು ತಾನಾಗಿ ಪ್ರವರ್ತಿಸುತ್ತದೆಂಬುದು ಅವರ ದೃಷ್ಟಾಂತ. ಬ್ರಹ್ಮಸೂತ್ರಕಾರರು ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಹಾಲಿನ ಮತ್ತು ನೀರಿನ ಈ ದೃಷ್ಟಾಂತಗಳನ್ನು ಎತ್ತಿ ನಿರಾಕರಿಸಿದ್ದಾರೆ. ಹಾಲು ತಾನಾಗಿ ಸುರಿಯುವುದೆಂದು ಹೇಳುವವನು ಹಸುವನ್ನು ಕಂಡಿಲ್ಲ. ಕರುವನ್ನು ಕಾಣದೆ ಸೊರೆಬಿಡದ ಹಸುಗಳು ನಮ್ಮ ಮನೆಮನೆಯ ಕೊಟ್ಟಿಗೆಯಲ್ಲಿವೆ. ಮೊದಲನೆಯ ಅಧ್ಯಾಯದ ಆರಂಭದಲ್ಲಿಯೇ ಈಕ್ಷತಿಯ ಅಧಿಕರಣವನ್ನು ಶಂಕರಭಗವತ್ಪಾದರು ವ್ಯಾಖ್ಯಾನಿಸಿದ ಬಗೆಯೂ ಇದಕ್ಕೆ ಅನುಗುಣವಾದುದೇ: ಜಗತ್ಕಾರಣವು ನೋಡಿತು, ಆಲೋಚಿಸಿತು ಎಂದು ಉಪನಿಷತ್ತು ಹೇಳುವುದರಿಂದ ಅದು ಜಡಪ್ರಧಾನವಾಗಲಾರದು. ತೈತ್ತಿರೀಯದಲ್ಲಿಯೂ ಸೃಷ್ಟಿಗೆ ಮೊದಲು ಕಾಮನೆಯನ್ನೂ ತಪಸ್ಸನ್ನೂ ಹೇಳಿದೆ. ಇಚ್ಛೆಯನ್ನು ಕಳೆದು ಸ್ವಭಾವವನ್ನು ಮಾತ್ರ ಉಳಿಸಿಕೊಂಡ ಮಿತ್ರರು, ಹೆಸರು ಈಶ್ವರನದನ್ನಿಟ್ಟು, ವಸ್ತುವನ್ನು ಮಾತ್ರ ಸಾಂಖ್ಯರಿಂದ ಸಾಲ ತಂದಿದ್ದಾರೆ.

ಹಾಗಾದರೆ ಸೂತ್ರಕಾರರೇ ಸೃಷ್ಟಿಯನ್ನು ಲೀಲೆಯೆಂದು ಹೇಳಿರುವರಲ್ಲ, ಶಂಕರರು ಅಲ್ಲಿಯೇ ಉಸಿರಾಟವನ್ನು ಉದಾಹರಿಸಿರುವರಲ್ಲ, ಉಸಿರಾಟಕ್ಕೆ ಇಚ್ಛೆಯೆಲ್ಲಿದೆ ಎಂದು ಮಿತ್ರರು ಕೇಳುತ್ತಾರೆ. ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಹೊಂದಬೇಕಾಗಿಲ್ಲವೆಂಬುದು ತರ್ಕದ ಮೊದಲ ಪಾಠ. ಮುಖವನ್ನು ಚಂದ್ರನೆಂದರೆ ಅದಕ್ಕೆ ಕಳಂಕವನ್ನೂ ಕ್ಷಯವನ್ನೂ ಯಾರೂ ಹೇಳುವುದಿಲ್ಲ. ಅಲ್ಲಿ ಪ್ರಶ್ನೆಯಿದ್ದುದು ಪ್ರಯೋಜನವಿಲ್ಲದೆ ಪ್ರವೃತ್ತಿಯುಂಟೇ ಎಂಬುದು. ಉಂಟು ಎನ್ನುವಷ್ಟಕ್ಕೆ ಉಸಿರಾಟದ ಮಾತು. ಅದೇ ಸ್ಥಳದಲ್ಲಿ ಅದೇ ಭಾಷ್ಯಕಾರರು ಎಲ್ಲ ಬಯಕೆಗಳೂ ಕೈಗೂಡಿದ ರಾಜನ ವಿಹಾರವನ್ನೂ ಉದಾಹರಿಸಿದ್ದಾರೆ. ಮಿತ್ರರು ಅದನ್ನು ಏಕೆ ಬಿಟ್ಟರು? ರಾಮಾನುಜಾಚಾರ್ಯರು ಸಪ್ತದ್ವೀಪಗಳನ್ನಾಳುವ ಸಾರ್ವಭೌಮನ ಚೆಂಡಾಟವನ್ನು ಹೇಳಿದರು. ಮಧ್ವಾಚಾರ್ಯರು ಸುಖವು ಉಕ್ಕಿ ಮತ್ತನಾದವನ ಕುಣಿತವನ್ನೂ ಹಾಡನ್ನೂ ಹೇಳಿದರು. ಕುಣಿಯುವವನಿಗೆ ಕುಣಿತದಿಂದ ಪಡೆಯಬೇಕಾದುದೇನೂ ಇಲ್ಲ. ಪಡೆದದ್ದು ತುಂಬಿ ಹೊರಬಂದದ್ದೇ ಕುಣಿತ. ಜಿನಸೇನರ ಇಕ್ಕಟ್ಟು ಇಲ್ಲಿಗೆ ಬಿಡುತ್ತದೆ. ಕೊರತೆಯಿಂದ ಹುಟ್ಟುವ ಇಚ್ಛೆಯೊಂದನ್ನೇ ಅವರು ಇಚ್ಛೆಯೆಂದು ತಿಳಿದರು. ತುಂಬಿನಿಂದ ಹುಟ್ಟುವ ಇಚ್ಛೆಯೂ ಉಂಟು. ಉಂಡವನು ಹಸಿದವನಿಗೆ ನೀಡುವುದು ತನ್ನ ಹಸಿವಿಗಲ್ಲ. ಈ ಮೂರು ಭಾಷ್ಯಕಾರರಲ್ಲಿ ಉಳಿದ ವಿಷಯಗಳಲ್ಲಿ ಎಷ್ಟು ಭೇದವಿದೆಯೆಂಬುದು ವಿದಿತವೇ ಇದೆ. ಆದರೆ ಈಶ್ವರನ ಪ್ರವೃತ್ತಿಯು ಬಲವಂತದ್ದೆಂದು ಯಾರೊಬ್ಬರೂ ಹೇಳಲಿಲ್ಲ.

ಈಗ ‘ಸ್ವಭಾವ’ವೆಂಬ ಶಬ್ದವನ್ನೇ ವಿಚಾರಿಸೋಣ. ಸೃಷ್ಟಿಯು ಈಶ್ವರನ ಸ್ವಭಾವವೆಂದು ಗೌಡಪಾದರ ಕಾರಿಕೆಯಲ್ಲಿದೆ, ದಾಸಸಾಹಿತ್ಯದಲ್ಲಿಯೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಜಡದ ಸ್ವಭಾವವೇ ಬೇರೆ, ಚೇತನದ ಸ್ವಭಾವವೇ ಬೇರೆ. ಬೆಂಕಿಯ ಬಿಸಿಗೂ ಬೆಂಕಿಗೂ ನಡುವೆ ಇಚ್ಛೆಯೆಂಬ ಬಾಗಿಲಿಲ್ಲ. ಉದಾರಿಯ ಔದಾರ್ಯಕ್ಕೂ ಅವನು ಕೊಟ್ಟ ಈ ಒಂದು ಸೇರು ಜೋಳಕ್ಕೂ ನಡುವೆ ಆ ಬಾಗಿಲಿದೆ. ಔದಾರ್ಯವು ಅವನ ಸ್ವಭಾವ. ಈ ದಾನವು ಅವನ ಕೃತಿ. ಸ್ವಭಾವವು ಅವನನ್ನು ಬಿಟ್ಟಿರದು. ಕೃತಿಯಾದರೋ ಅವನು ಮಾಡಿದ್ದರಿಂದ ಆಯಿತು. ಮಧ್ವಸಿದ್ಧಾಂತದಲ್ಲಿ ಈ ವಿವೇಚನೆಗೆ ಬೇರೆ ಹೆಸರೇ ಇದೆ: ಭಗವಂತನ ಕ್ರಿಯೆಯು ನಿತ್ಯವಾದರೂ ಪ್ರಲಯದಲ್ಲಿ ಶಕ್ತಿರೂಪದಿಂದಿದ್ದು ಸೃಷ್ಟಿಯಲ್ಲಿ ವ್ಯಕ್ತಿರೂಪಕ್ಕೆ ಬರುತ್ತದೆ. ಶಕ್ತಿಯು ಸ್ವಭಾವ, ವ್ಯಕ್ತಿಯು ಇಚ್ಛಾಧೀನ. ಮಿತ್ರರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತೂಗಿದ್ದಾರೆ. ವೀರಶೈವರ ಶಕ್ತಿವಿಶಿಷ್ಟಾದ್ವೈತದಲ್ಲಿಯೂ ಶಿವನಿಂದ ಬೇರ್ಪಡದ ಶಕ್ತಿಯನ್ನು ಒಪ್ಪಿ, ಸೃಷ್ಟಿಯನ್ನು ಮಾತ್ರ ಅವನ ಲೀಲೆಯೆಂದೇ ಹೇಳುತ್ತಾರೆ.

ಮಿತ್ರರ ಮತದಂತೆ ಸೃಷ್ಟಿಯು ಬೆಂಕಿಯ ಬಿಸಿಯಾದಲ್ಲಿ ಪ್ರಲಯವೇ ಆಗಬಾರದು, ತಣ್ಣಗಾದ ಬೆಂಕಿಯಿಲ್ಲ. ಪ್ರಲಯವನ್ನು ಅವರೂ ಒಪ್ಪುತ್ತಾರೆ. ಸೃಷ್ಟಿಪ್ರಲಯಗಳು ಹಗಲು ರಾತ್ರಿಗಳಂತೆ ನಿಯಮದಿಂದ ಬರುತ್ತವೆ ಎಂದು ಅವರು ಹೇಳಬಹುದು. ಆ ನಿಯಮವು ಯಾರದು? ಈಶ್ವರನದಲ್ಲವೆಂದರೆ, ಅವನನ್ನು ಆಳುವ ನಿಯಮವೇ ಸ್ವತಂತ್ರವಾಯಿತು, ಅವನು ಅಸ್ವತಂತ್ರನಾದನು. ತತ್ತ್ವಸಂಖ್ಯಾನದ ಮೊದಲ ವಿಭಾಗವೇ ಸ್ವತಂತ್ರ ಅಸ್ವತಂತ್ರವೆಂದು; ಅಲ್ಲಿ ಸ್ವತಂತ್ರನ ಪೀಠದಲ್ಲಿ ನಿಯಮವನ್ನು ಕೂರಿಸಿ ವಿಷ್ಣುವನ್ನು ಕೆಳಗಿಳಿಸಿದಂತಾಯಿತು. ನಿಯಮವು ಈಶ್ವರನದೇ ಎಂದರೆ, ಅದು ಅವನ ಸಂಕಲ್ಪ. ಅನಿವಾರ್ಯವೆಂಬ ಮಾತು ಅಲ್ಲಿಗೆ ಬಿತ್ತು. ಹರಿಶ್ಚಂದ್ರನು ಮಾತಿಗೆ ತಪ್ಪಲಿಲ್ಲವೆಂಬುದರಿಂದ ಅವನು ಮಾತಿನ ಗುಲಾಮನಾಗಲಿಲ್ಲ, ಮಾತಿನ ಒಡೆಯನಾದನು.

ಇನ್ನೊಂದು ಆಕ್ಷೇಪವುಂಟು; ಅದು ಇದಕ್ಕಿಂತ ಸೂಕ್ಷ್ಮವಾದದ್ದು. ಜಗತ್ಪ್ರವಾಹವು ಅನಾದಿ, ಜೀವರೂ ಪ್ರಕೃತಿಯೂ ಕಾಲವೂ ನಿತ್ಯ. ಎಂದೂ ಇಲ್ಲದಿದ್ದುದೇ ಇಲ್ಲವಾದ ಮೇಲೆ ಇಲ್ಲದಿರಬಹುದಿತ್ತೆಂಬ ಮಾತಿಗೆ ಅರ್ಥವೇನು? ನಿತ್ಯವಾದುದೆಲ್ಲ ಅನಿವಾರ್ಯವೆಂಬ ಭ್ರಮೆಯೇ ಇದರ ಬೇರು. ನಮ್ಮ ತಾಯಂದಿರು ಮದುವೆಯಾಗಿ ಬಂದಂದಿನಿಂದ ಒಂದು ಸಂಜೆಯೂ ತಪ್ಪದೆ ದೇವರ ಮುಂದೆ ದೀಪ ಹಚ್ಚಿದರು. ತಪ್ಪಲಿಲ್ಲವೆಂದ ಮಾತ್ರಕ್ಕೆ ತಪ್ಪಲಾರದ್ದೇ? ಪ್ರತಿದಿನವೂ ಅವರು ಹಚ್ಚಿದ್ದರಿಂದಲೇ ಅದು ಉರಿಯಿತು. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಎಲ್ಲವೂ ಅವನ ಅನುಗ್ರಹದಿಂದ ಇವೆ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಅಭಿಪ್ರಾಯವು ಭಾಗವತದಲ್ಲಿದೆ. ಮಧ್ವಮತದವರು ಅದನ್ನು ತಮ್ಮ ಸಿದ್ಧಾಂತಕ್ಕೆ ಕಂಬವಾಗಿಟ್ಟುಕೊಂಡಿದ್ದಾರೆ. ಅಂದರೆ ನಿತ್ಯವಾದುದರ ನಿತ್ಯತ್ವವೂ ಕೊಟ್ಟದ್ದು. ಮಧ್ವಾಚಾರ್ಯರಿದ್ದ ಹದಿಮೂರನೆಯ ಶತಮಾನದಲ್ಲಿಯೇ ಪಾಶ್ಚಾತ್ಯದೇಶದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ಪಂಡಿತರು, ಜಗತ್ತಿಗೆ ಆದಿಯಿಲ್ಲವೆಂದಿಟ್ಟುಕೊಂಡರೂ ಅದು ಈಶ್ವರೇಚ್ಛೆಗೆ ಅಧೀನವಾಗಿರುವುದಕ್ಕೆ ಬಾಧೆಯಿಲ್ಲವೆಂದು ವಾದಿಸಿದರು. ಒಬ್ಬರನ್ನೊಬ್ಬರು ಅರಿಯದ ಇಬ್ಬರು ದೂರದೂರದಿಂದ ಬಂದು ಒಂದೇ ಗಟ್ಟಕ್ಕೆ ಇಳಿದಂತಾಯಿತು.

ಹಾಗಾದರೆ ಈಶ್ವರನು ಮನಸೋಯಿಚ್ಛೆ ನಡೆಯುವ ಹುಚ್ಚುದೊರೆಯೇ ಎಂಬ ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗಲಾಗದು. ಅನಿವಾರ್ಯವಲ್ಲದ್ದೆಲ್ಲ ಅಕಾರಣವೆಂದು ತಿಳಿದವರು ಹೀಗೆ ಕೇಳುತ್ತಾರೆ. ಈ ಜಗಳ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಜಗತ್ತು ಈಶ್ವರನಿಂದ ಅನಿವಾರ್ಯವಾಗಿ ಹೊಮ್ಮುವುದೆಂದು ಹೇಳಿದ ತತ್ತ್ವಜ್ಞರನ್ನು ೧೧೧೧ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರು ತಮ್ಮ ‘ತಹಾಫುತ್’ ಗ್ರಂಥದಲ್ಲಿ ಖಂಡಿಸಿದರು. ಹಸಿದವನ ಮುಂದೆ ಎಲ್ಲ ವಿಧದಲ್ಲಿಯೂ ಸಮಾನವಾದ ಎರಡು ಖರ್ಜೂರಗಳನ್ನಿಟ್ಟು ಒಂದನ್ನೇ ತೆಗೆದುಕೋ ಎಂದರೆ ಅವನು ಹಸಿದು ಸಾಯುವುದಿಲ್ಲ, ಒಂದನ್ನು ತೆಗೆದುಕೊಳ್ಳುತ್ತಾನೆ. ಸಮಾನವಾದವುಗಳಲ್ಲಿ ಒಂದನ್ನು ಆರಿಸುವುದೇ ಇಚ್ಛೆಯ ಧರ್ಮ ಎಂಬುದು ಅವರ ಯುಕ್ತಿ. ೧೬೭೭ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸ್ಪಿನೋಜನು ವಸ್ತುಗಳು ಈಗಿರುವುದಕ್ಕಿಂತ ಬೇರೆ ಯಾವ ರೀತಿಯಲ್ಲಿಯೂ ಉತ್ಪನ್ನವಾಗಲು ಸಾಧ್ಯವಿರಲಿಲ್ಲವೆಂದನು. ನಮ್ಮ ಮಿತ್ರರ ನಿಜವಾದ ಗುರು ಇವನೇ. ೧೭೧೦ರಲ್ಲಿ ಲೈಬ್ನಿಟ್ಸನು, ಕಾರಣಗಳು ಇಚ್ಛೆಯನ್ನು ಒಲಿಸುತ್ತವೆ, ಬಲಾತ್ಕರಿಸುವುದಿಲ್ಲ ಎಂದು ಅದಕ್ಕೆ ಎದುರಾದನು.

ಇಷ್ಟು ದೂರ ಹೋಗುವುದೇಕೆ? ನಮ್ಮ ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರು (೧೭೨೮–೧೮೦೯) ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದರು. ಆ ಛಂದಸ್ಸನ್ನೇ ಹಿಡಿಯಬೇಕೆಂದು ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ. ಹಿಡಿದ ಮೇಲೆ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಈಗ ಓದುವ ನಮಗೆ ಒಂದೊಂದು ಪದವೂ ಅಲ್ಲಿ ಅದೇ ಇರಬೇಕಾಗಿತ್ತೆಂದು ತೋರುತ್ತದೆ. ಹಾಗೆ ತೋರುವುದು ಕೃತಿಯ ಪೂರ್ಣತೆಯ ಗುಣ, ಕವಿಯ ಸಂಕೋಲೆಯ ಗುರುತಲ್ಲ. ಹುಚ್ಚನು ಗೀಚಿದ್ದರಲ್ಲಿ ಯಾವ ಪದ ಎಲ್ಲಿದ್ದರೂ ಆದೀತು; ಕೈಯಚ್ಚು ಒತ್ತಿದ್ದರಲ್ಲಿ ಬೇರೆ ಪದ ಬರಲೇ ಆಗದು; ಕಾವ್ಯವು ಈ ಎರಡೂ ಅಲ್ಲ. ಸೃಷ್ಟಿಯೂ ಹಾಗೆಯೇ. ಜೀವರ ಕರ್ಮವನ್ನು ನೋಡಿ ಫಲ ಕೊಡುವುದರಿಂದ ಈಶ್ವರನಿಗೆ ಪಕ್ಷಪಾತವೂ ಇಲ್ಲ, ನಿರ್ದಯತ್ವವೂ ಇಲ್ಲವೆಂದು ಸೂತ್ರಕಾರರು ಹೇಳಿದುದು ಸ್ವಾತಂತ್ರ್ಯಕ್ಕೆ ವಿರೋಧವಲ್ಲ. ಆ ಕರ್ಮದ ಇರವೂ ಅವನ ಅಧೀನವೇ. ತಾನೇ ಹಿಡಿದ ಛಂದಸ್ಸನ್ನು ತಾನೇ ಪಾಲಿಸುವವನು ಅವನು.

ಇದೇ ಹರಿಕಥಾಮೃತಸಾರದಲ್ಲಿ ದತ್ತಸ್ವಾತಂತ್ರ್ಯ ಸಂಧಿಯೆಂದು ಒಂದು ಸಂಧಿಯಿದೆ. ನಮ್ಮ ಮನೆಗಳಲ್ಲಿ ಪಾರಾಯಣ ಮಾಡುವ ಅನೇಕರು ಆ ಹೆಸರಿನ ಮೇಲೆ ಕ್ಷಣಕಾಲವೂ ನಿಲ್ಲುವುದಿಲ್ಲ. ದತ್ತವೆಂದರೆ ಕೊಟ್ಟದ್ದು. ಭಗವಂತನು ತನ್ನ ಅಪಾರ ಸ್ವಾತಂತ್ರ್ಯದಲ್ಲಿ ಒಂದಂಶವನ್ನು ಜೀವನಿಗೆ ಕೊಟ್ಟನೆಂಬುದು ಅಲ್ಲಿಯ ಪ್ರಮೇಯ. ತನ್ನಲ್ಲಿಲ್ಲದ್ದನ್ನು ಯಾರೂ ಕೊಡಲಾರರು. ಈಶ್ವರನೇ ಸ್ವಭಾವದ ಕೈದಿಯಾದಲ್ಲಿ ನಮಗೆ ಕೊಡುವುದಕ್ಕೆ ಅವನಲ್ಲಿ ಸ್ವಾತಂತ್ರ್ಯವೆಲ್ಲಿಯದು? ನಮಗೆ ಅದಿಲ್ಲವಾದರೆ, ಮಾಡು ಎಂಬ ವಿಧಿಯೂ ಬೇಡ ಎಂಬ ನಿಷೇಧವೂ ಯಾರಿಗೆ?

ಜಗನ್ನಾಥದಾಸರ ಚರಿತ್ರೆಯ ಐತಿಹ್ಯವೂ ಇದನ್ನೇ ಹೇಳುತ್ತದೆ. ಪಾಂಡಿತ್ಯದ ಗರ್ವದಿಂದ ಅವರು ಚೀಕಲಪರವಿಯ ವಿಜಯದಾಸರ (೧೬೮೨–೧೭೫೫) ಕರೆಗೆ ಹೊಟ್ಟೆನೋವಿನ ನೆಪವೊಡ್ಡಿದರಂತೆ, ನೆಪವೇ ನಿಜವಾಯಿತಂತೆ, ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ದಾನ ಮಾಡಿದರಂತೆ. ಚೀಕಲಪರವಿಯ ಕಡೆಗೆ ನಡೆದುಹೋಗುವ ಯಾವ ಮುದುಕಿಯನ್ನು ಕೇಳಿದರೂ ಈ ಕಥೆ ಹೇಳುವಳು. ಆಯುಸ್ಸು ಹೀಗೆಯೇ ಇರಬೇಕಾಗಿತ್ತೆಂಬ ಸಿದ್ಧಾಂತ ನಿಜವಾದರೆ ಕೊಟ್ಟವರು ಕೊಟ್ಟದ್ದೇನು, ಪಡೆದವರು ಪಡೆದದ್ದೇನು? ಕೊಡುವ ಮಾತೆಲ್ಲವೂ ಕೊಡದಿರಬಹುದಿತ್ತೆಂಬ ನೆಲದ ಮೇಲೆ ನಿಂತಿದೆ.

ಈಗ ನಾಲ್ಕನೆಯ ಮಾತು: ಬೇಡುವುದು ಅಜ್ಞಾನ, ಅಳುವುದು ಅಜ್ಞಾನ. ನಮ್ಮ ದಾಸರು ದೇವರನ್ನು ಹೊಗಳಿದಷ್ಟೇ ಜಗಳವಾಡಿದ್ದಾರೆ. ನಿಂದಾಸ್ತುತಿಯೆಂದು ಅದಕ್ಕೆ ಹೆಸರಿಟ್ಟು ನಾವು ಭಜನೆಯಲ್ಲಿ ಹಾಡುತ್ತೇವೆ. ನೀನು ಹೀಗೇಕೆ ಮಾಡಿದೆ ಎಂದು ಕೇಳುವವನು, ಹೀಗೆ ಮಾಡದೆ ಇರುವ ಶಕ್ತಿ ನಿನಗಿತ್ತು ಎಂಬುದನ್ನು ನಂಬಿದವನು. ಗುಡುಗಿನೊಡನೆ ಯಾರೂ ಜಗಳವಾಡುವುದಿಲ್ಲ. ಬಿಚ್ಚಾಲಿಯ ಅಪ್ಪಣ್ಣಾಚಾರ್ಯರು, ೧೬೭೧ರಲ್ಲಿ ಗುರುಗಳು ವೃಂದಾವನಸ್ಥರಾದರೆಂದು ಕೇಳಿ ನದಿ ದಾಟಿ ಓಡಿದ ಕಥೆಯನ್ನು ಗಿಲ್ಲೆಸುಗೂರಿನ ದಾರಿಯಲ್ಲಿ ಮಂತ್ರಾಲಯಕ್ಕೆ ಹೋಗುವವರೆಲ್ಲ ಬಲ್ಲರು. ಅವರ ಸ್ತೋತ್ರವು ದುಃಖದಲ್ಲಿ ಹುಟ್ಟಿತೆಂದೇ ಪರಂಪರೆಯು ಹೇಳುತ್ತದೆ. ಅದನ್ನು ಅಜ್ಞಾನವೆನ್ನಲು ಮಿತ್ರರಿಗೆ ಧೈರ್ಯವಿದೆಯೇ?

ಇದಕ್ಕಿಂತಲೂ ಕೆಟ್ಟದ್ದೊಂದಿದೆ. ಅನಿವಾರ್ಯವಾದವು ಅಳುವವನ ಬಾಯಿ ಮುಚ್ಚುವಷ್ಟರಲ್ಲಿಯೇ ನಿಲ್ಲದೆ, ಅಳಿಸಿದವನಿಗೆ ಕೊಡೆಯಾಗುತ್ತದೆ. ಮಳೆ ಸುರಿದದ್ದು ಮನುಷ್ಯನ ಕೈಯಲ್ಲಿರಲಿಲ್ಲ, ಒಪ್ಪೋಣ. ಆದರೆ ನದಿಯ ಪಾತ್ರದ ಅಂಚಿಗೆ ಮನೆ ಕಟ್ಟಿಕೊಳ್ಳಬೇಕಾದವರು ಯಾರು, ಎತ್ತರದ ನೆಲ ಯಾರಿಗಿತ್ತು, ನೀರು ಬರುವ ಸುದ್ದಿ ಯಾವ ಮನೆಗೆ ಮೊದಲು ಮುಟ್ಟಿತು, ಯಾರ ಮನೆಗೆ ಕೊನೆಗೆ ಮುಟ್ಟಿತು, ಶೆಡ್ಡಿನಲ್ಲಿ ಜ್ವರದ ಮುದುಕಿಗೆ ಔಷಧವೇಕೆ ಸಿಗಲಿಲ್ಲ — ಇವೆಲ್ಲ ಮನುಷ್ಯರು ಮಾಡಿದ ಮತ್ತು ಮಾಡದೆ ಬಿಟ್ಟ ಕೆಲಸಗಳು. ಆ ವರುಷದ ನೆರೆಯ ತರುವಾಯ ಸಂತ್ರಸ್ತರಿಗೆ ‘ಆಸರೆ’ಯೆಂಬ ಯೋಜನೆಯಲ್ಲಿ ಮನೆಗಳನ್ನು ಕಟ್ಟಿದರಲ್ಲ, ಅದೇ ಸಾಕ್ಷಿ: ಎತ್ತರದಲ್ಲಿ ಮನೆ ಕಟ್ಟುವುದು ಮೊದಲೂ ಸಾಧ್ಯವಿತ್ತು. ಊರಬಾವಿಯಿಂದ ಒಬ್ಬನನ್ನು ದೂರವಿಟ್ಟವನೂ, ಬಡವನ ಹೊಲವನ್ನು ಸಾಲದಲ್ಲಿ ನುಂಗಿದವನೂ, ಆಗಬೇಕಾದದ್ದು ಆಯಿತು ಎಂದೇ ಹೇಳುವನು. ವೇದಾಂತದ ಮಾತನ್ನು ಅವನಿಗೆ ಒದಗಿಸಿಕೊಡುವ ಪಾಪ ನಮಗೆ ಬೇಡ.

ಇಷ್ಟೆಲ್ಲ ಹೇಳಿ ನಾನು ಒಂದನ್ನು ಮುಚ್ಚಿಡಬಾರದು. ಈಶ್ವರನು ಮಾಡದೆ ಇರಬಹುದಿತ್ತು ಎಂದೊಡನೆ, ಹಾಗಾದರೆ ಏಕೆ ಮಾಡಿದನು ಎಂಬ ಪ್ರಶ್ನೆ ಏಳುತ್ತದೆ. ಮಿತ್ರರ ಸಿದ್ಧಾಂತದಲ್ಲಿ ಆ ಪ್ರಶ್ನೆಯೇ ಏಳದು. ಅದೇ ಅದರ ಆಕರ್ಷಣೆ. ಅನಾದಿಕರ್ಮವೆಂಬ ಶಾಸ್ತ್ರದ ಉತ್ತರವು ನನ್ನ ಬುದ್ಧಿಗೆ ಸಮಾಧಾನ ಕೊಡುತ್ತದೆ. ಆದರೆ ಹತ್ತು ವರ್ಷದ ಹುಡುಗನ ಮುಖಕ್ಕೆ ಎದುರಾಗಿ ಅದನ್ನು ಹೇಳಲು ನನಗೆ ನಾಲಿಗೆ ಏಳದು. ನೋವಿಲ್ಲದ ಸುಳ್ಳಿಗಿಂತ ನೋವಿರುವ ನಿಜ ಮೇಲು. ಕೇಳಲು ಒಬ್ಬನಿದ್ದಾನೆ ಎಂಬುದು ಆ ನಿಜದಲ್ಲಿ ಮಾತ್ರ ಉಳಿಯುತ್ತದೆ.

ಅಂದು ಆ ಹುಡುಗನಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ: “ಇರಬಹುದಿತ್ತಪ್ಪಾ. ಏಕೆ ಹೀಗಾಯಿತೋ ನನಗೂ ತಿಳಿಯದು. ನೀನು ಅವನನ್ನೇ ಕೇಳು, ಸಿಟ್ಟಿನಿಂದಲೇ ಕೇಳು. ನಿಮ್ಮಜ್ಜಿ ನಿನಗೆ ಸಿಕ್ಕಿದ್ದೂ ಸಿಗದೆ ಇರಬಹುದಿತ್ತು. ಸಿಕ್ಕಳಲ್ಲ, ಅದು ಕೊಟ್ಟದ್ದು. ಉಳಿದದ್ದರಲ್ಲಿ ನಾವು ಮಾಡಬೇಕಾದದ್ದು ಏನಿದೆಯೋ ನೋಡೋಣ ಬಾ.” ಹದಿನೈದು ವರ್ಷಗಳಿಗೆ ಮೇಲಾಯಿತು. ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಈ ಸಂಚಿಕೆ ಅವನ ಕೈಗೆ ಬೀಳುವುದೆಂಬ ಭ್ರಮೆಯೂ ನನಗಿಲ್ಲ. ಆದರೆ ಅವನಂತಹ ಪ್ರಶ್ನೆಯನ್ನು ಕೇಳುವ ಮಕ್ಕಳು ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಇರುವರು. ಅವರಿಗೆ ಉತ್ತರ ಹೇಳುವ ಮೊದಲು ತಂದೆತಾಯಿಗಳೂ ಉಪಾಧ್ಯಾಯರೂ ‘ಸ್ವಭಾವ’ವೆಂಬ ಮಾತನ್ನು ಒಮ್ಮೆ ತೂಗಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ. ಮಿತ್ರರು ಪ್ರತ್ಯುತ್ತರ ಬರೆದರೆ ಆದರದಿಂದ ಓದುವೆನು. ಬರೆಯದೆ ಇರುವ ಸ್ವಾತಂತ್ರ್ಯವೂ ಅವರಿಗಿದೆಯೆಂಬುದನ್ನು ಮಾತ್ರ ಅವರು ಒಪ್ಪಿಕೊಳ್ಳಬೇಕು.